ಡ್ರೈವರಮ್ಮನ ಸೈಲೆನ್ಸರ್

ಅಳಿಯನ ಮೇಲೆ ಕೋಪ ಬಂದರೆ ಅದನ್ನು ಇಟ್ಟುಕೊಳ್ಳುವುದಕ್ಕೆ ಯಾವ ಮನೆಯಲ್ಲೂ ಜಾಗವಿಲ್ಲ. ಮಗನಾದರೆ ಬೈದು ಹಗುರಾಗಬಹುದು. ತಮ್ಮನಾದರೆ ತಲೆಗೊಂದು ಮೊಟಕಬಹುದು. ಗಂಡನಾದರಂತೂ ಎರಡು ದಿನ ಮಾತು ಬಿಟ್ಟು ಸೇಡು ತೀರಿಸಿಕೊಳ್ಳಬಹುದು. ಅಳಿಯನಿಗೆ ಮಾತ್ರ ಕುರ್ಚಿ ಹಾಕಿ ಕಾಫಿ ಕೊಡಬೇಕು. ಆ ಭಾನುವಾರ ಸಂಜೆ ಡ್ರೈವರಮ್ಮ ಮಾಡಿದ್ದೂ ಅದನ್ನೇ. ಮೈಯೆಲ್ಲ ಉರಿಯುತ್ತಿತ್ತು, ಕೈ ಮಾತ್ರ ತನ್ನ ಪಾಡಿಗೆ ಲೋಟದಲ್ಲಿ ಸಕ್ಕರೆ ಕಲಕುತ್ತಿತ್ತು.

ಉರಿಯ ಕಾರಣ ಬಾಗಿಲ ಹೊರಗೆ ನಿಂತಿತ್ತು. ಅವಳ ಪಿಕಪ್ ಗಾಡಿ. ಬೆಳಿಗ್ಗೆ ಅಳಿಯ ಬಂದು, "ರಜಾ ದಿನ ಅಲ್ವಾ ಅತ್ತೆ, ಆಯಿಲ್ ಬದಲಾಯಿಸ್ಕೊಂಡು ಬರ್ತೀನಿ" ಎಂದು ಕೀ ಕೇಳಿದ್ದ. ಎಷ್ಟು ಒಳ್ಳೆಯ ಹುಡುಗ ಎಂದುಕೊಂಡು ಅವಳೇ ಕೀ ಕೊಟ್ಟಿದ್ದಳು. ಸಂಜೆ ಗಾಡಿ ಬೀದಿಯ ತಿರುವಿಗೆ ಬರುವ ಮೊದಲೇ ಅದರ ಸದ್ದು ಬಂತು. ಸದ್ದೆಂದರೆ ಅಂತಿಂಥ ಸದ್ದಲ್ಲ. ಎದುರು ಮನೆಯ ಟೈಲರ್ ಹೊಲಿಗೆ ನಿಲ್ಲಿಸಿ ಆಚೆ ಬಂದ. ಮೂಲೆ ಮನೆಯ ಹೆಂಗಸು ಮಲಗಿದ್ದ ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋದಳು. ಡ್ರೈವರಮ್ಮನ ಮನೆಯ ತಗಡಿನ ಗೇಟು ಯಾರೂ ಮುಟ್ಟದೆಯೇ ಗಡಗಡ ನಡುಗಿತು.

"ಏನಾಯ್ತು ಗಾಡಿಗೆ?" ಎಂದಳು ಅವಳು.

"ಅಪ್‌ಗ್ರೇಡ್ ಮಾಡಿಸ್ದೆ ಅತ್ತೆ. ಪೂರ್ತಿ ಎಕ್ಸಾಸ್ಟ್ ಹೊಸದು. ಇಂಜಿನ್ನಿಂದ ಹಿಂದಿನ ತುದಿವರೆಗೂ ಸ್ಟೀಲ್ ಪೈಪು, ತುಕ್ಕು ಅನ್ನೋ ಮಾತೇ ಇಲ್ಲ. ಹಳೇದ್ರಲ್ಲಿ ಗಾಡಿಗೆ ಉಸಿರು ಕಟ್ತಿತ್ತು. ಈಗ ನೋಡಿ, ಪಿಕಪ್‌ಗೆ ಪಿಕಪ್ ಬಂದಿದೆ."

"ನೀವು ಆಯಿಲ್ ಅಂದಿದ್ರಿ."

"ಅದನ್ನೂ ಹಾಕಿಸಿದೀನಿ."

"ಈ ಸದ್ದು?"

"ಸದ್ದಲ್ಲ ಅತ್ತೆ ಅದು, ಬೇಸ್" ಎಂದ ಅಳಿಯ.

ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಎದುರಿಗೆ ಕೂತವನು ಅಳಿಯನೂ ಹೌದು, ಮಗಳ ಗಂಡನೂ ಹೌದು. ನುಂಗಿಕೊಂಡಳು. ಬಿಸಿ ತುಪ್ಪ ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು.

ಇಷ್ಟಕ್ಕೂ ಅವಳಿಗೆ ಹೆಚ್ಚು ಚುಚ್ಚಿದ್ದು ಅಳಿಯನ ಮಾತಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅವಳ ಯಜಮಾನರು ನಗುತ್ತಿದ್ದರು. ಎಷ್ಟೋ ತಿಂಗಳಿಂದ ಮುಖದಲ್ಲಿ ಕಾಣದ ನಗು. "ಚೆನ್ನಾಗಿದೆ ಬಿಡೇ, ಗಂಡಸಿನ ಗಾಡಿ ಥರ ಇದೆ" ಎಂದರು. ಗಾಡಿ ಓಡಿಸುವವಳು ಹೆಂಗಸು ಎಂಬುದು ಆ ಮನೆಯಲ್ಲಿ ಆ ಹೊತ್ತಿಗೆ ಯಾರ ನೆನಪಿಗೂ ಬರಲಿಲ್ಲ.

ಅವಳು ಹುಟ್ಟುತ್ತಲೇ ಡ್ರೈವರಮ್ಮ ಆದವಳಲ್ಲ. ಮದುವೆಯಾಗಿ ಬಂದಾಗ ಅವಳ ಕೈಯಲ್ಲಿದ್ದದ್ದು ಸೂಜಿ. ಊರಾಚೆಯ ದೊಡ್ಡ ಲಾಂಡ್ರಿಯಲ್ಲಿ ಆಸ್ಪತ್ರೆಯ ದಿಂಬಿನ ಚೀಲಗಳನ್ನೂ ಹರಿದ ಹಾಸುಗಳನ್ನೂ ಹೊಲಿಯುತ್ತಿದ್ದಳು. ಯಜಮಾನರು ಅದೇ ಲಾಂಡ್ರಿಯ ಬಟ್ಟೆಯನ್ನು ತಮ್ಮ ಸ್ವಂತ ಪಿಕಪ್‌ನಲ್ಲಿ ಸಾಗಿಸುತ್ತಿದ್ದರು. ಮುಂಜಾನೆ ಒಗೆದು ಇಸ್ತ್ರಿಯಾದ ಹಾಸುಗಳ ಮೂಟೆ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮಾಸಿದ ಮೂಟೆ ಲಾಂಡ್ರಿಗೆ. ಆ ಗಾಡಿಯಿಂದಲೇ ಮಗಳ ಓದು ಆಯಿತು, ಮದುವೆ ಆಯಿತು, ಮನೆಗೆ ಹೆಂಚು ಹೋಗಿ ತಾರಸಿ ಬಂತು.

ಆಮೇಲೆ ಯಜಮಾನರ ಕಣ್ಣು ಹೋಗತೊಡಗಿತು. ಕಣ್ಣಿನೊಳಗಿನ ಒತ್ತಡ ಎಂದರು ಡಾಕ್ಟರು. ನೋಟ ಮೊದಲು ಅಂಚಿನಲ್ಲಿ ಮಾಸಿತು. ನೇರಕ್ಕೆ ಇದ್ದದ್ದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಒಂದು ಬೆಳಿಗ್ಗೆ ಆಸ್ಪತ್ರೆಯ ಹಿಂದಿನ ಗೇಟಿನ ಕಂಬಕ್ಕೆ ಗಾಡಿ ಉಜ್ಜಿತು. ಕಾವಲುಗಾರ ಬೈದ. ಅವರು ತಿರುಗಿ ಬೈಯಲಿಲ್ಲ. ಮನೆಗೆ ಬಂದು ಕೀಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ಇನ್ಮೇಲೆ ಆಗಲ್ಲ ಕಣೇ. ಮಾರಿಬಿಡೋಣ" ಎಂದರು.

"ಮಾರೋದ್ಯಾಕೆ, ನಾನು ಕಲೀತೀನಿ" ಎಂದಳು ಅವಳು.

ಬೀದಿ ನಕ್ಕಿತು. ನಕ್ಕವರ ಹೆಸರುಗಳೆಲ್ಲ ಅವಳಿಗೆ ಇವತ್ತಿಗೂ ನೆನಪಿವೆ. ಅವರಲ್ಲಿ ಯಾರಾದರೂ ದಾರಿಯಲ್ಲಿ ಕೈ ಅಡ್ಡ ಹಿಡಿದರೆ ಗಾಡಿ ನಿಲ್ಲಿಸುವುದಿಲ್ಲ. ಯಜಮಾನರು ಮಾತ್ರ ನಗಲಿಲ್ಲ. ದವಸದ ಗೋದಾಮಿನ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂತು ಹೇಳಿಕೊಟ್ಟರು. ಅಷ್ಟರಲ್ಲಿ ನೇರ ನೋಟವೂ ಹೋಗಿ ಅವರಿಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಹೇಳಿಕೊಟ್ಟಿದ್ದೆಲ್ಲ ಕಿವಿಯಿಂದಲೇ.

"ಗೇರ್ ಕಡೆ ನೋಡ್ಬೇಡ. ಇಂಜಿನ್ ಮಾತು ಕೇಳು. ಏದುಸಿರು ಬಿಡ್ತಿದೆ ಅಲ್ವಾ? ಒಂದು ಗೇರ್ ಇಳ್ಸು. ಹಾಂ, ಈಗ ಹೇಗೆ ಗುನುಗ್ತಿದೆ ನೋಡು. ಹೀಗಿದ್ರೆ ಅದಕ್ಕೆ ಸುಖ."

ಹೀಗೆ ಕುರುಡು ಗುರುವಿನಿಂದ ಕಲಿತ ಶಿಷ್ಯೆ ಒಮ್ಮೆ ಹಿಂದಕ್ಕೆ ತೆಗೆಯುವಾಗ ಗೋದಾಮಿನ ಕಟ್ಟೆಗೆ ಗುದ್ದಿ ಸೈಲೆನ್ಸರಿನ ಡಬ್ಬಿಯನ್ನು ಅಪ್ಪಚ್ಚಿ ಮಾಡಿದಳು. ಅವರು ಕೆಳಗಿಳಿದು, ಬಗ್ಗಿ, ಆ ತಗ್ಗನ್ನು ಬೆರಳಿನಿಂದ ತಡವಿ, "ಇರ್ಲಿ ಬಿಡು, ನಿನ್ನ ಸಹಿ" ಎಂದರು. ಲೈಸೆನ್ಸ್ ಬಂತು. ಲಾಂಡ್ರಿಯವರು ಒಪ್ಪಿದರು. ಸೂಜಿಯವಳು ಡ್ರೈವರಮ್ಮ ಆದಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಒಂದು ಪದ್ಧತಿ ಬೆಳೆಯಿತು. ಸಂಜೆ ಅವಳು ಗಾಡಿ ತಂದು ನಿಲ್ಲಿಸುವಷ್ಟರಲ್ಲಿ ಯಜಮಾನರು ಗೇಟಿನ ಬಳಿ ನಿಂತು ಕೇಳಿಸಿಕೊಂಡು ವರದಿ ಒಪ್ಪಿಸುತ್ತಿದ್ದರು. "ಮುಂದಿನ ಬಲಗಡೆ ಬೇರಿಂಗ್ ಹೋಗ್ತಿದೆ." "ಇವತ್ತು ಲೋಡ್ ಜಾಸ್ತಿ ಹಾಕ್ಕೊಂಡಿದ್ದೆ ಅಲ್ವಾ." ಅವಳು ಮೆಕ್ಯಾನಿಕ್ಕನ ಬಳಿ ಹೋಗಿ ಅವರು ಹೇಳಿದ್ದನ್ನು ಹೇಳಿದರೆ ಬಿಚ್ಚಿ ನೋಡಿದಾಗ ಹಾಗೆಯೇ ಇರುತ್ತಿತ್ತು. ಕಣ್ಣಿಲ್ಲದ ಗಂಡ ಮನೆಯಲ್ಲಿ ಸುಮ್ಮನೆ ಕೂತಿದ್ದಾನೆ ಎಂದು ಯಾರಾದರೂ ಅಂದರೆ ಅವಳು ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತಿದ್ದಳು. ಗಾಡಿ ಓಡಿಸುವುದು ತಾನು, ಗಾಡಿ ಓಡುವಂತೆ ಇಟ್ಟಿರುವುದು ಅವರು. ಅವಳ ಲೆಕ್ಕ ಹಾಗಿತ್ತು.

ಈಚೆಗೆ ಮಾತ್ರ ಅವರ ವರದಿಯಲ್ಲಿ ಒಂದೇ ರಾಗ. "ಫ್ಯಾನ್ ಬೆಲ್ಟ್ ಕೂಗ್ತಿದೆ, ನೋಡ್ಸು." ನೋಡಿಸಿದಳು. ಮೆಕ್ಯಾನಿಕ್ ಏನೂ ಇಲ್ಲ ಎಂದ. ನಿಮಗೆ ಸೋಮಾರಿತನ ಎಂದು ಅವನನ್ನು ಬೈದು ಹೊಸ ಬೆಲ್ಟ್ ಹಾಕಿಸಿದಳು. ಕೆಲವು ದಿನಕ್ಕೆ ಮತ್ತೆ, "ಬೆಲ್ಟ್ ಕೂಗ್ತಿದೆ." ಇನ್ನೊಂದು ಹಾಕಿಸಿದಳು. ಕೂಗದ ಬೆಲ್ಟನ್ನು ಎರಡೆರಡು ಸಲ ಬದಲಾಯಿಸಿದ ಹೆಂಗಸು ಆ ಊರಿನಲ್ಲಿ ಅವಳೊಬ್ಬಳೇ. ಮೆಕ್ಯಾನಿಕ್ ನಕ್ಕಾಗ ಅವನ ಜೊತೆ ಮಾತು ಬಿಟ್ಟಳು.

ಈಗ ಅಳಿಯ ಕಟ್ಟಿಸಿದ ಈ ಗುಡುಗಿನೊಳಗೆ ಬೆಲ್ಟ್ ಕೂಗಿದರೇನು, ಬೇರಿಂಗ್ ಅತ್ತರೇನು, ಯಾರಿಗೆ ಕೇಳಿಸಬೇಕು? ಅವಳ ಕೋಪದ ಬೇರು ಇಲ್ಲಿತ್ತು. ಇವನು ಅಂದಗೆಡಿಸಿದ್ದು ಗಾಡಿಯನ್ನಲ್ಲ; ಕಣ್ಣು ಹೋದ ಮನುಷ್ಯನಿಗೆ ಉಳಿದಿದ್ದ ಒಂದೇ ಒಂದು ಕೆಲಸವನ್ನು ಕಿತ್ತುಕೊಂಡಿದ್ದಾನೆ. ಆ ಮನುಷ್ಯ ನೋಡಿದರೆ ನಗುತ್ತ ಕೂತಿದ್ದಾರೆ. ದೊಡ್ಡತನಕ್ಕೂ ಒಂದು ಮಿತಿ ಬೇಡವೇ.

ಸೋಮವಾರ ಮುಂಜಾನೆ ಆಸ್ಪತ್ರೆಯ ಹಿಂದಿನ ಗೇಟಿಗೆ ಹೋದಾಗ ಇನ್ನೊಂದು ಗ್ರಹಚಾರ ಕಾದಿತ್ತು. ಮೂಟೆ ಇಳಿಸುವ ಕಟ್ಟೆಯ ನೇರ ಮೇಲಕ್ಕೆ ಹಸುಗೂಸುಗಳ ವಾರ್ಡು. ಅವಳು ಗಾಡಿ ಹಿಂದಕ್ಕೆ ತೆಗೆದಳೋ ಇಲ್ಲವೋ, ಮೇಲಿನ ಕಿಟಕಿಗಳಿಂದ ಒಂದು ಕೂಸು ಅತ್ತಿತು, ಅದನ್ನು ಕೇಳಿ ಇನ್ನೊಂದು, ಆಮೇಲೆ ಇಡೀ ವಾರ್ಡು. ಕಾವಲುಗಾರ ಎರಡೂ ಕೈಯೆತ್ತಿ ಓಡಿ ಬಂದ. ಹಿಂದೆಯೇ ಹಿರಿಯ ನರ್ಸ್ ಮೆಟ್ಟಿಲಿಳಿದು ಬಂದರು. ಒಳ್ಳೆಯ ಹೆಂಗಸು, ಹಾಸುಗಳ ಮಡಿಕೆ ಸರಿಯಿದ್ದರೆ ಹೊಗಳುತ್ತಿದ್ದರು. ಅವತ್ತು ಹೊಗಳುವ ಮುಖವಿರಲಿಲ್ಲ.

"ಏನಮ್ಮ ಇದು, ರೇಸ್‌ಗೆ ಹೊರಟಿದೀರಾ?"

"ಮೇಡಂ, ನಾನು ಹಾಕ್ಸಿದ್ದಲ್ಲ..."

"ಯಾರಾದ್ರೂ ಹಾಕ್ಸಿರ್ಲಿ. ಈ ವಾರದೊಳಗೆ ತೆಗ್ಸಿ. ಇಲ್ಲಾಂದ್ರೆ ಬೇರೆ ಗಾಡಿ ಕಳಿಸಿ ಅಂತ ಲಾಂಡ್ರಿಯವರಿಗೆ ಹೇಳ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡಬೇಕು. ಇಷ್ಟು ವರ್ಷ ಒಂದು ದಿನ ತಪ್ಪದೆ, ಜ್ವರ ಬಂದರೂ ತಲೆಗೆ ಬಟ್ಟೆ ಕಟ್ಟಿಕೊಂಡು ಗಾಡಿ ಓಡಿಸಿದವಳು ಅವಳು. ಆ ಕೆಲಸ ಹೋದರೆ ಮನೆಯ ಒಲೆ ಹೇಗೆ ಉರಿಯಬೇಕು? ಅದೂ ತಾನು ಮಾಡದ ತಪ್ಪಿಗೆ. ಅಷ್ಟು ಹೊತ್ತು ನುಂಗಿಕೊಂಡಿದ್ದ ತುಪ್ಪವೆಲ್ಲ ಒಮ್ಮೆಗೇ ಮೇಲೆ ಬಂತು. ಮಾಸಿದ ಮೂಟೆಗಳನ್ನು ಲಾಂಡ್ರಿಯಲ್ಲಿ ಹಾಕಿದವಳೇ ಗಾಡಿಯನ್ನು ಸೀದಾ ಅಳಿಯನ ಅಂಗಡಿಗೆ ಬಿಟ್ಟಳು.

ಅಳಿಯನದು ಗಾಡಿಗಳಿಗೆ ಶೃಂಗಾರ ಮಾಡುವ ಅಂಗಡಿ. ಸೀಟಿನ ಕವರು, ಬಣ್ಣದ ದೀಪ, ಕನ್ನಡಿಗೆ ತೂಗಿಬಿಡುವ ಗೊಂಡೆ, ಈ ಥರ. ಅತ್ತೆ ಬರುವುದು ಅವನಿಗೆ ಮೊದಲೇ ಕೇಳಿಸಿತ್ತು. ಅದಕ್ಕೆ ಅವನದೇ ಸೈಲೆನ್ಸರ್ ಸಾಕ್ಷಿ. ಸ್ಟೂಲನ್ನು ಒರೆಸಿ ಇಟ್ಟುಕೊಂಡು ನಿಂತಿದ್ದ.

"ಕೂರಲ್ಲ. ಹಳೇದನ್ನ ವಾಪಸ್ ಹಾಕ್ಸಿಕೊಡಿ ಅಳಿಯಂದ್ರೇ."

"ಅತ್ತೆ, ಸ್ವಲ್ಪ ದಿನ ಓಡ್ಸಿ ನೋಡಿ..."

"ಓಡ್ಸಕ್ಕೆ ಕೆಲಸ ಇರಬೇಕಲ್ಲ. ಆಸ್ಪತ್ರೆಯವರು ಬರ್ಬೇಡ ಅಂತಿದಾರೆ."

ಅವನ ಮುಖ ಸಣ್ಣದಾಯಿತು. ಆದರೂ ಹೂಂ ಎನ್ನಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಹಳೇದನ್ನ ಗುಜರಿಗೆ ಹಾಕ್ಬಿಟ್ಟೆ" ಎಂದ ಕೊನೆಗೆ, ಅವಳ ಕಡೆ ನೋಡದೆ.

"ನನ್ನ ಗಾಡಿ ಸಾಮಾನು, ನನ್ನ ಕೇಳದೆ?"

"ತಪ್ಪಾಯ್ತು ಅತ್ತೆ."

ತಪ್ಪಾಯ್ತು ಎನ್ನುವವನು ಸರಿ ಮಾಡಬೇಕಲ್ಲ. ಅದೂ ಇಲ್ಲ. ಅವಳು ಬೈಯುತ್ತ ಹೋದಂತೆ ಅವನು ಬಾಯಿಗೆ ಬೀಗ ಹಾಕಿಕೊಂಡು ನಿಂತ. ಅವತ್ತು ಅವಳು ಅಳಿಯ ಎಂದು ನೋಡಲಿಲ್ಲ. ಶೋಕಿ ಎಂದಳು, ಅಹಂಕಾರ ಎಂದಳು, ಹೆತ್ತವರು ಕಲಿಸಿದ್ದು ಇಷ್ಟೇನಾ ಎಂದೂ ಅಂದುಬಿಟ್ಟಳು. ಮನೆಗೆ ಬರುವಷ್ಟರಲ್ಲಿ ಮಗಳ ಫೋನ್.

"ಅಮ್ಮ, ಅವರು ಪ್ರೀತಿಯಿಂದ ಮಾಡ್ಸಿದ್ದು. ಹಾಗೆಲ್ಲ ಅನ್ಬೋದಾ?"

"ಪ್ರೀತಿ ಇರೋರು ಕೇಳಿ ಮಾಡ್ತಾರೆ."

"ನಿಂಗೆ ಗೊತ್ತಿಲ್ಲ ಬಿಡು" ಎಂದು ಮಗಳು ಫೋನಿಟ್ಟಳು. ತನಗೆ ಗೊತ್ತಿಲ್ಲದ್ದು ಏನು ಎಂದು ಕೇಳುವಷ್ಟು ತಾಳ್ಮೆ ಡ್ರೈವರಮ್ಮನಿಗೆ ಅವತ್ತು ಇರಲಿಲ್ಲ.

ಆ ವಾರವೆಲ್ಲ ಅವಳು ಗುಡುಗುತ್ತಲೇ ಓಡಾಡಿದಳು. ಮುಂಜಾನೆ ಆಸ್ಪತ್ರೆಯ ಬಳಿ ರಸ್ತೆಯಲ್ಲೇ ಗಾಡಿ ಆರಿಸಿ, ಮೂಟೆಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊತ್ತು ಒಳಗೆ ಸಾಗಿಸಿದಳು. ಸೊಂಟ ಹಿಡಿದುಕೊಂಡಿತು. ಸಂಜೆ ಮನೆಗೆ ಬಂದರೆ ಗೇಟು ಆಗಲೇ ತೆರೆದಿರುತ್ತಿತ್ತು. ಯಜಮಾನರು ತಗಡಿನ ಮೇಲೆ ಅಂಗೈಯಿಟ್ಟು ನಿಂತಿರುತ್ತಿದ್ದರು. "ಗೇಟು ಯಾಕೆ ಅಪ್ಕೊಂಡಿದೀರಾ, ತುಕ್ಕು ಕೈಗೆ ಹತ್ತುತ್ತೆ" ಎಂದು ಅದಕ್ಕೂ ರೇಗಿದಳು. ಅವರು ನಕ್ಕು ಪಕ್ಕಕ್ಕೆ ಸರಿದರು.

ಗುರುವಾರ ರಾತ್ರಿ ಊಟ ಮುಗಿದ ಮೇಲೆ ಪಾತ್ರೆ ತೊಳೆಯುತ್ತ, ಗೋಡೆಯ ಕಡೆ ಮುಖ ಮಾಡಿಕೊಂಡೇ ಎಲ್ಲವನ್ನೂ ಹೇಳಿದಳು. ನರ್ಸ್ ಅಂದದ್ದು, ಸೊಂಟದ ನೋವು, ನಾಳೆ ಗುಜರಿಯಲ್ಲಿ ಹಳೆಯ ಸೈಲೆನ್ಸರ್ ಹುಡುಕಿ ಹಾಕಿಸಿಯೇ ಬರುತ್ತೇನೆ ಎಂಬುದು. ಹಿಂದಿನಿಂದ ಹ್ಞೂಂ, ಹ್ಞೂಂ ಎಂದು ಬರುತ್ತಿತ್ತು. ಅವಳು ಮಾತು ಮುಗಿಸಿ, "ಏನಂತೀರಾ?" ಎಂದು ಕೇಳಿ ಕಾದಳು.

"ಹ್ಞೂಂ. ಬೆಲ್ಟ್ ಕೂಗ್ತಿದೆ, ನೋಡ್ಸು" ಎಂದರು ಅವರು.

ಅವಳು ಪಾತ್ರೆಯನ್ನು ಕುಕ್ಕಿ, ತಿರುಗಿ, ಬೀದಿಗೆ ಕೇಳುವ ಹಾಗೆ, "ಕಿವುಡನ ಮುಂದೆ ಶಂಖ ಊದಿದ ಹಾಗಾಯ್ತು ನನ್ನ ಪಾಡು" ಎಂದಳು.

ಈ ಮಾತು ಮಾತ್ರ ಅವರಿಗೆ ಸ್ಪಷ್ಟವಾಗಿ ತಲುಪಿತು. ಮುಖದ ಮೇಲಿದ್ದದ್ದೆಲ್ಲ ಆರಿಹೋಯಿತು. ಎದ್ದು, ಗೋಡೆ ಹಿಡಿದುಕೊಂಡು ಹೋಗಿ ಮಲಗಿದರು. ತನಗೇನು ಬೈಯುವ ಹಕ್ಕಿಲ್ಲವೇ ಎಂದುಕೊಂಡು ಅವಳೂ ಮಲಗಿದಳು.

ಮಾರನೆಯ ದಿನ ಗುಜರಿ ಅಂಗಡಿಯಲ್ಲಿ ಹುಡುಕುವ ಕಷ್ಟವೇ ಬರಲಿಲ್ಲ. ಹೆಸರು ಹೇಳುತ್ತಿದ್ದಂತೆ ಗುಜರಿಯವನು ಒಳಗಿನಿಂದ ಅದನ್ನು ಎತ್ತಿ ತಂದ. ಡಬ್ಬಿಯ ಹೊಟ್ಟೆಯಲ್ಲಿ ಅವಳ ಸಹಿ ಹಾಗೇ ಇತ್ತು.

"ಒಡೀಬೇಡ, ಇಟ್ಕೊಂಡಿರು, ಅತ್ತೆ ಬಂದೇ ಬರ್ತಾರೆ ಅಂತ ನಿಮ್ಮ ಅಳಿಯ ಹೇಳಿದ್ರು" ಎಂದ.

ಇದಕ್ಕೆ ಖುಷಿಪಡಬೇಕೋ ಇನ್ನಷ್ಟು ಸಿಟ್ಟಾಗಬೇಕೋ ಅವಳಿಗೆ ತಿಳಿಯಲಿಲ್ಲ. ಅಭ್ಯಾಸವಿದ್ದದ್ದು ಸಿಟ್ಟು, ಅದನ್ನೇ ಮಾಡಿಕೊಂಡಳು. ಮಾತು ಬಿಟ್ಟಿದ್ದ ಮೆಕ್ಯಾನಿಕ್ಕನ ಬಳಿಯೇ ಹೋಗಬೇಕಾಯಿತು. ಅವಸರಕ್ಕೆ ಒದಗುವವನು ಅವನೊಬ್ಬನೇ. ಸ್ಟೀಲ್ ಪೈಪು ಇಳಿಸಿ ಹಳೆಯದನ್ನು ಏರಿಸಿದ. ಗಾಡಿ ಮೊದಲಿನಂತೆ ಗುನುಗಿತು.

"ಬೆಲ್ಟೂ ಬದಲಾಯಿಸ್ಲಾ ಡ್ರೈವರಮ್ಮ?" ಎಂದು ಕೇಳಿದ, ಮೀಸೆಯಡಿಯಲ್ಲಿ ನಗುತ್ತ.

"ನಗು ಸಾಕು. ಕೂಗ್ತಿದೆ ಅಂದ್ರು ನಮ್ಮವರು. ನೋಡಿ."

ಅವನು ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗಲೇ ಅವಳನ್ನು ಹತ್ತಿರ ಕರೆದ. "ನಾನು ಹೇಳೋದು ಬೇಡ. ನೀವೇ ಕೇಳಿ. ಎಲ್ಲಿ ಕೂಗ್ತಿದೆ ತೋರ್ಸಿ."

ಅವಳು ಬಗ್ಗಿ ಕಿವಿಗೊಟ್ಟಳು. ಗೋದಾಮಿನ ಬಯಲಿನಲ್ಲಿ ಪಳಗಿದ ಕಿವಿ ಅದು. ಬೆಲ್ಟ್ ಸೊಲ್ಲೆತ್ತುತ್ತಿರಲಿಲ್ಲ. ಆ ವಾರವೆಲ್ಲ ಅಷ್ಟು ದೊಡ್ಡ ಗುಡುಗಿನ ಒಳಗೆ ಇವರಿಗೆ ಬೆಲ್ಟ್ ಕೇಳಿಸಿದ್ದಾದರೂ ಹೇಗೆ ಎಂಬ ಯೋಚನೆ ಆಗ ಮೊದಲ ಸಲ ಅವಳ ತಲೆಗೆ ಬಂತು. ಬಂದದ್ದನ್ನು ಅವಳು ಒಳಗೆ ಬಿಟ್ಟುಕೊಳ್ಳಲಿಲ್ಲ. "ಅವರ ಕಿವಿ ಬೇರೆ, ನಮ್ಮ ಕಿವಿ ಬೇರೆ" ಎಂದು ಹೇಳಿ ಬಾನೆಟ್ ಮುಚ್ಚಿಸಿದಳು.

ಮನೆಯ ಬೀದಿಗೆ ತಿರುಗುವಾಗ ಗೆದ್ದವಳ ಹಾಗೆ ತಿರುಗಿದಳು. ಟೈಲರ್ ತಲೆ ಎತ್ತಲಿಲ್ಲ. ಮೂಲೆ ಮನೆಯ ಮಗು ಮಲಗಿಯೇ ಇತ್ತು. ಎದೆಮಟ್ಟದ ಗೇಟು ಮಾತ್ರ ಮುಚ್ಚಿತ್ತು. ಅದರ ಹಿಂದೆ ಯಜಮಾನರು ನಿಂತಿದ್ದರು, ತಗಡಿನ ಮೇಲೆ ಅಂಗೈ ಒತ್ತಿ, ಮುಖವನ್ನು ಬೀದಿಯ ತಿರುವಿನ ಕಡೆಗೆ ಮಾಡಿಕೊಂಡು.

ಅವಳು ಗೇಟಿಗೆ ಗಾಡಿಯ ಮೂಗು ತಾಗುವಷ್ಟು ಹತ್ತಿರ ತಂದು ನಿಲ್ಲಿಸಿದಳು. ಇಂಜಿನ್ ಓಡುತ್ತಿತ್ತು. ಇನ್ನೇನು ತೆಗೆಯುತ್ತಾರೆ ಎಂದು ಕಾದಳು. ಅವರು ತೆಗೆಯಲಿಲ್ಲ. ಅವರ ಮುಖ ಗಾಡಿಯ ಕಡೆ ತಿರುಗಲೇ ಇಲ್ಲ. ತಿರುವನ್ನೇ ಕಾಯುತ್ತಿತ್ತು. ಗೋಡೆಯ ಮೇಲೆ ಇನ್ನೂ ಬಿಸಿಲಿದೆಯೇ ಎಂದು ಇನ್ನೊಂದು ಕೈಯಿಂದ ಮುಟ್ಟಿ ನೋಡಿದರು. ಹೊತ್ತಾಯಿತು ಎಂದು ಗೊತ್ತಾಗಿರಬೇಕು, ತುಟಿ ಕಚ್ಚಿಕೊಂಡರು. ಗೇಟಿನ ತಗಡನ್ನು ಮತ್ತೆ ಒತ್ತಿ ಹಿಡಿದರು. ತಗಡು ನಡುಗುತ್ತಿರಲಿಲ್ಲ.

ಡ್ರೈವರಮ್ಮ ಹಾರನ್ ಒತ್ತಿದಳು. ಅವರು ತಲೆ ಎತ್ತಿದರು, ಆದರೆ ತಿರುಗಿದ್ದು ಎದುರು ಮನೆಯ ಕಡೆಗೆ.

ಅವಳ ಕೈ ಸ್ಟೇರಿಂಗ್ ಮೇಲೇ ಉಳಿಯಿತು. ಬೆಲ್ಟ್, ಹ್ಞೂಂ ಹ್ಞೂಂ, ಭಾನುವಾರದ ಆ ನಗು, ಬಾಯಿ ಬಿಡದ ಅಳಿಯ, ನಿಂಗೆ ಗೊತ್ತಿಲ್ಲ ಬಿಡು ಎಂದ ಮಗಳು, ಒಂದರ ಹಿಂದೊಂದು ಬಂದವು. ಇಡೀ ಮನೆಗೆ ಗೊತ್ತಿತ್ತು. ಪಕ್ಕದಲ್ಲೇ ಮಲಗುವವಳಿಗೆ ಗೊತ್ತಿರಲಿಲ್ಲ. ದುಃಖ ಬರಬೇಕಿತ್ತು, ಬಂತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಕೋಪ. ಇಳಿದು, ಗೇಟು ತಳ್ಳಿ, ಅವರ ತೋಳು ಹಿಡಿದಳು. ಅವರು ಬೆಚ್ಚಿಬಿದ್ದರು. ಕೈ ಬಳೆ ಮುಟ್ಟಿ ಗುರುತು ಹಿಡಿದು ಸಾವರಿಸಿಕೊಂಡರು.

"ಬಂದ್ಯಾ. ಈಗ ಕೇಳಿಸ್ತು ನೋಡು. ಬೆಲ್ಟ್..."

"ಬೆಲ್ಟ್ ಸುದ್ದಿ ಎತ್ತಬೇಡಿ" ಎಂದು ಅವಳು ಅವರ ಕಿವಿಯ ಹತ್ತಿರ ಕಿರುಚಿದಳು. "ಎಷ್ಟು ದಿನದಿಂದ ಹೀಗೆ?"

ಅವರು ಮೆಲ್ಲಗೆ, "ಕೂಗ್ಬೇಡ್ವೇ. ಬೀದಿಗೆಲ್ಲ ಕೇಳಿಸುತ್ತೆ" ಎಂದರು.

"ಬೀದಿಗೆ ಕೇಳಿಸ್ಲಿ. ನಿಮಗೆ ಕೇಳಿಸ್ತಾ ಅದು ಹೇಳಿ."

ಟೈಲರ್ ಹೊರಗೆ ಬಂದು, ಅವಳ ಮುಖ ನೋಡಿ, ಒಳಗೆ ಹೋದ.

"ಕಣ್ಣು ಹೋದಾಗ ಕಿವಿ ಇತ್ತು" ಎಂದರು ಯಜಮಾನರು. "ಅದೂ ಹೋಗ್ತಿದೆ ಅಂದ್ರೆ ಈ ಮನೇಲಿ ನಾನ್ಯಾತಕ್ಕೆ ಹೇಳು. ಅದಕ್ಕೇ ಹೇಳ್ಲಿಲ್ಲ. ಬೆಲ್ಟ್ ಅಂದ್ರೆ ತಪ್ಪಾಗಲ್ಲ, ಯಾವ ಗಾಡೀಲಾದ್ರೂ ಅದು ಒಂದಲ್ಲ ಒಂದು ದಿನ ಕೂಗೇ ಕೂಗುತ್ತೆ." ಅವಳ ಬಳೆಯನ್ನು ಹಿಡಿದುಕೊಂಡೇ, "ಸಂಜೆ ಆದ್ರೆ ಭಯ ಆಗ್ತಿತ್ತು ಕಣೇ. ನೀನು ಬಂದ್ಯೋ ಇಲ್ವೋ, ಎದುರಿಗೇ ನಿಂತಿದೀಯೋ, ಏನೂ ತಿಳೀತಿರ್ಲಿಲ್ಲ. ನಾನೇ ಅಳಿಯಂದ್ರಿಗೆ ಹೇಳ್ದೆ, ಗೇಟು ನಡುಗೋ ಹಂಗೆ ಮಾಡಿಕೊಡಿ ಅಂತ. ಅತ್ತೆಗೆ ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡೆ" ಎಂದರು.

ಡ್ರೈವರಮ್ಮನಿಗೆ ಹೇಳಲು ಬೇಕಾದಷ್ಟಿತ್ತು. ಎರಡು ಬೆಲ್ಟುಗಳ ಬಗ್ಗೆ ಇತ್ತು, ಮೆಕ್ಯಾನಿಕ್ಕನ ನಗುವಿನ ಬಗ್ಗೆ ಇತ್ತು, ಕಟ್ಟಿಕೊಂಡ ಹೆಂಡತಿಗಿಂತ ಅಳಿಯ ಹೆಚ್ಚಾದನೇ ಎಂಬುದಂತೂ ಗಂಟಲಲ್ಲೇ ಇತ್ತು. ಗುರುವಾರ ರಾತ್ರಿಯ ತನ್ನ ಶಂಖದ ಮಾತೂ ನೆನಪಿತ್ತು. ಅವೆಲ್ಲ ಆಮೇಲೆ. ಅವರ ಅಂಗೈ ಹಿಡಿದು ತಂದು, ಇನ್ನೂ ಓಡುತ್ತಿದ್ದ ಗಾಡಿಯ ಬಾನೆಟ್ ಮೇಲಿಟ್ಟಳು. ಅವರು ಬೆರಳು ಅಗಲಿಸಿ ಬಹಳ ಹೊತ್ತು ಹಾಗೇ ಇಟ್ಟುಕೊಂಡರು.

ಶನಿವಾರ ಅವಳು ಮತ್ತೆ ಅಳಿಯನ ಅಂಗಡಿಗೆ ಹೋದಳು. ಈ ಸಲ ಸದ್ದಿಲ್ಲದೆ ಬಂದದ್ದರಿಂದ ಅವನು ಬೆಚ್ಚಿ ಎದ್ದ. ಅವಳು ತಾನೇ ಸ್ಟೂಲ್ ಎಳೆದುಕೊಂಡು ಕೂತಳು.

"ನಿಮ್ಮದು ತಪ್ಪಿಲ್ಲ ಅನ್ನೋಕೆ ಬಂದಿಲ್ಲ. ಬಾಯಿ ಮುಚ್ಕೊಂಡಿದ್ದು ತಪ್ಪೇ. ನಾನು ನಿಮ್ಮ ಹೆತ್ತವರ ಸುದ್ದಿಗೆ ಹೋಗಿದ್ದೂ ತಪ್ಪು. ಎರಡಕ್ಕೂ ಸರಿಹೋಯ್ತು."

"ಮಾವ ಆಣೆ ಹಾಕ್ಸಿದ್ರು ಅತ್ತೆ."

"ಹಾಕ್ಸಿರ್ತಾರೆ. ಈಗ ನನ್ನ ಮಾತು ಕೇಳಿ. ಆಸ್ಪತ್ರೇಲಿ ಕೂಸುಗಳು ಏಳಬಾರದು. ನಮ್ಮ ಮನೆ ಗೇಟು ನಡುಗ್ಬೇಕು. ಒಂದೇ ಗಾಡಿ. ಏನು ಮಾಡ್ತೀರೋ ಮಾಡಿ."

ಅವನು ತಲೆ ಕೆರೆದುಕೊಂಡ. ಮೆಕ್ಯಾನಿಕ್ಕನನ್ನೂ ಕರೆಸಿದ. ಇಬ್ಬರೂ ಗಾಡಿಯ ಕೆಳಗೆ ಮಲಗಿ ಗುಸುಗುಸು ಮಾತಾಡಿ, ಡಬ್ಬಿಗೆ ಮುಂಚೆ ಪೈಪಿನಲ್ಲೊಂದು ಕಿಂಡಿ ಕೊರೆದು ಅದಕ್ಕೆ ಪುಟ್ಟ ಬಾಗಿಲು ಕೂರಿಸಿದರು. ಬಾಗಿಲಿಗೆ ಕಟ್ಟಿದ ಕೇಬಲ್ ಕ್ಯಾಬಿನ್ನಿನೊಳಗೆ ಸ್ಟೇರಿಂಗಿನ ಪಕ್ಕಕ್ಕೆ ಬಂತು, ಅದರ ತುದಿಗೊಂದು ಗುಂಡಿ. ಗುಂಡಿ ಒತ್ತಿದ್ದರೆ ಹೊಗೆ ಹಳೆಯ ಡಬ್ಬಿಯ ಮೂಲಕ ಸಭ್ಯವಾಗಿ ಹೋಗುತ್ತದೆ. ಎಳೆದರೆ ಅಡ್ಡದಾರಿಯಲ್ಲಿ ಗುಡುಗುತ್ತ ಹೋಗುತ್ತದೆ.

ಆಸ್ಪತ್ರೆಯ ಕಿವಿ ವಿಭಾಗಕ್ಕೂ ಅವಳೇ ಯಜಮಾನರನ್ನು ಕರೆದುಕೊಂಡು ಹೋದಳು. ನರ ಸೋತಿದೆ, ಮಿಷನ್ ಹಾಕಿದರೆ ಎಡಗಿವಿಗೆ ಅಷ್ಟಿಷ್ಟು ಪ್ರಯೋಜನವಾಗಬಹುದು ಎಂದರು ಡಾಕ್ಟರು. ಮಿಷನ್ ಬಂತು. ಗುಂಯ್‌ಗುಡುತ್ತದೆ ಎಂದು ಅವರು ಅದನ್ನು ಅರ್ಧ ದಿನ ಕಿಟಕಿಯ ಮೇಲೆ ತೆಗೆದಿಡುತ್ತಾರೆ, ಅವಳು ಅರ್ಧ ದಿನ ಅದಕ್ಕೆ ಬೈಯುತ್ತಾಳೆ. ವರದಿ ಒಪ್ಪಿಸುವುದು ಮಾತ್ರ ಮತ್ತೆ ಶುರುವಾಗಿದೆ. ಬಾನೆಟ್ ಮೇಲೆ ಕೈಯಿಟ್ಟು ಮೊನ್ನೆ, "ನಡುಕ ಒಂದೇ ಥರ ಇಲ್ಲ, ಇಂಜಿನ್ ಕೂರೋ ರಬ್ಬರ್ ನೋಡ್ಸು" ಎಂದರು. ಅವಳು ಮೆಕ್ಯಾನಿಕ್ಕನಿಗೆ ಹಾಗೇ ಹೇಳಿದಳು, ಈ ಸಲ ಸ್ವಲ್ಪ ಅಳುಕುತ್ತಲೇ. ಅವನು ಕೆಳಗೆ ಹೋಗಿ ನೋಡಿ, ಸೀಳಿದ್ದ ರಬ್ಬರನ್ನು ಕೈಯಲ್ಲಿ ಹಿಡಿದು ಬಂದ. ನಗಲಿಲ್ಲ.

ಈಗ ಬೆಳಗಿನ ಹೊತ್ತು ಡ್ರೈವರಮ್ಮನ ಗಾಡಿ ಹೋಗುವುದು ಯಾರಿಗೂ ತಿಳಿಯುವುದಿಲ್ಲ. ಸಂಜೆ ಮಾತ್ರ ತಿರುವಿಗೆ ಬಂದವಳೇ ಅವಳು ಗುಂಡಿ ಎಳೆಯುತ್ತಾಳೆ. ತಿರುವಿನಿಂದ ಗೇಟಿನವರೆಗೆ ಇಡೀ ಬೀದಿ ಗಡಗಡ ಎನ್ನುತ್ತದೆ. ಟೈಲರ್ ಬಹಳ ದಿನ ತಡೆದುಕೊಂಡ. 

ಒಂದು ಸಂಜೆ ಕತ್ತರಿ ಹಿಡಿದುಕೊಂಡೇ ಗಾಡಿಗೆ ಅಡ್ಡ ಬಂದು, "ಏನು ಡ್ರೈವರಮ್ಮ ಇದು, ದಿನಾ ಈ ಸದ್ದು ಬೀದಿಗೆಲ್ಲ ಕೇಳ್ಬೇಕಾ?" ಎಂದ.

ಅವಳಿಗೆ ಎಂದಿನಂತೆ ಮೈಯುರಿಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬೀದಿಗೆ ಅಂತ ಯಾರು ಹೇಳಿದ್ರು? ಅದು ನಮ್ಮನೆಯವರಿಗೆ" ಎಂದಳು.

ಅಷ್ಟರಲ್ಲಿ ಮುಂದೆ ಗೇಟು ತೆರೆದಿತ್ತು. ಟೈಲರ್ ಅತ್ತ ನೋಡಿದ, ಇವಳ ಕಡೆ ನೋಡಿದ, ಗಾಡಿಗೆ ದಾರಿ ಬಿಟ್ಟ.